ವಿದ್ಯುತ್ ಲಾರಿಯ ಒಡಲೂ ಊರಿನ ಧೂಳೂ

ಗೋಧೂಳಿಯೆಂಬುದು ಹಿರಿಯರ ಪಾಲಿಗೆ ಮಂಗಳಕರವಾದ ಮುಹೂರ್ತ. ಮೇಯಲು ಹೋದ ದನಕರುಗಳು ಬೈಗಿನ ಹೊತ್ತಿಗೆ ಊರಿಗೆ ಮರಳುವಾಗ ಅವುಗಳ ಗೊರಸಿನಿಂದೆದ್ದ ಧೂಳು ಪಡುವಣ ಬೆಳಕಿನಲ್ಲಿ ಹೊಂಬಣ್ಣ ತಳೆದು ತೇಲುವುದನ್ನು, ಹೆಸರಿನಲ್ಲಿಯೇ ಗೋವನ್ನು ಹೊತ್ತಿರುವ ಗೋವಿನಕೋವಿಯಂತಹ ಊರಿನವರಿಗೆ ಬಣ್ಣಿಸಿ ಹೇಳಬೇಕಾದ ಅಗತ್ಯವಿಲ್ಲ. ರೇಣು, ಧೂಲಿ, ಪಾಂಸು, ರಜ ಎಂದು ಅಮರಕೋಶವು ಧೂಳಿಗೆ ಹಲವು ಹೆಸರುಗಳನ್ನು ಕೊಟ್ಟಿದೆ. ಕನ್ನಡದ ಒಕ್ಕಲಿಗನಾದರೋ ಹುಡಿ, ಹೊಟ್ಟು, ಸುಂಕು, ತೌಡು ಎಂದು ಅದನ್ನು ಬಗೆಬಗೆಯಾಗಿ ಬಿಡಿಸಿ ಹೇಳಬಲ್ಲ. ಹೆಸರು ಹಲವಾದರೂ ಸ್ವಭಾವ ಒಂದೇ: ಕರೆಯದೆ ಬರುವುದು, ಸಂದು ಸಿಕ್ಕಲ್ಲಿ ಕೂರುವುದು, ಕೇಳುವವರಿಲ್ಲದಿದ್ದರೆ ಬೆಳೆಯುವುದು.

ಇಂದು ಆ ಧೂಳನ್ನು ಎಬ್ಬಿಸುವುದು ದನಗಳ ಗೊರಸಿಗಿಂತ ಹೆಚ್ಚಾಗಿ ಲಾರಿ, ಟ್ರ್ಯಾಕ್ಟರುಗಳ ಗಾಲಿ. ಆ ಗಾಲಿಯನ್ನು ತಿರುಗಿಸುವ ಶಕ್ತಿಯೂ ಈಗ ಬದಲಾಗುತ್ತಿದೆ. ಡೀಸೆಲನ್ನು ಸುಡದೆ ವಿದ್ಯುತ್ತಿನಿಂದಲೇ ಓಡುವ ಸರಕು ವಾಹನಗಳು ಪೇಟೆಗೆ ಬಂದಿವೆ; ಹಳ್ಳಿಯ ದಾರಿಯನ್ನೂ ಹಿಡಿಯುತ್ತಿವೆ. ಇಂತಹ ವಾಹನವನ್ನು ಕೊಳ್ಳುವವರು, ಕೊಡುವವರು, ನಡೆಸುವವರು ಒಂದು ಸಣ್ಣ ವಿಷಯದಲ್ಲಿ ಎಡವುವ ಸಂಭವವಿದೆ. ಆ ವಿಷಯವೆಂದರೆ ವಾಹನದ ಒಡಲೊಳಗೆ ಕೂಡುವ ಧೂಳು. ಸಣ್ಣದೆಂದು ಅದನ್ನು ಉಪೇಕ್ಷಿಸುವುದು ಸಲ್ಲದು. ಸಾಲ ಮಾಡಿ ಗಾಡಿ ಕೊಂಡ ಬಡ ಚಾಲಕನ ಅನ್ನ ಅದರ ಮೇಲೆ ನಿಂತಿದೆ. ಅರಿಯದೆ ಕೈಹಾಕಿದ ಹುಡುಗನ ಪ್ರಾಣವೂ ಒಮ್ಮೊಮ್ಮೆ ಅದರ ಮೇಲೆಯೇ ನಿಲ್ಲಬಹುದು.

ಕನ್ನಡನಾಡಿಗೆ ವಿದ್ಯುತ್ತು ಹೊಸದೇನಲ್ಲ. 1902ರಷ್ಟು ಹಿಂದೆಯೇ ಶಿವನಸಮುದ್ರದ ಜಲಪಾತದಿಂದ ಉತ್ಪತ್ತಿಯಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ವಿದ್ಯುತ್ತಿನಿಂದ ಓಡುವ ಗಾಡಿಯೂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಅದು ಪಶ್ಚಿಮ ದೇಶಗಳ ಬೀದಿಗಿಳಿದಿತ್ತು. ಇಂಗ್ಲೆಂಡಿನಲ್ಲಿ ಮನೆಮನೆಗೆ ಹಾಲು ಹಂಚುವ ಬ್ಯಾಟರಿ ಗಾಡಿಗಳು ಇಪ್ಪತ್ತನೆಯ ಶತಮಾನದಲ್ಲಿ ದಶಕಗಳ ಕಾಲ ಸದ್ದಿಲ್ಲದೆ ದುಡಿದವು. ಬೆಂಗಳೂರಿನಲ್ಲಿಯೇ ತಯಾರಾದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಮಾರಾಟಕ್ಕೆ ಬಂದು, ಮುಂದೆ ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. 2017ರಲ್ಲಿ ಕರ್ನಾಟಕವು ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿ ಭಾರತದ ರಾಜ್ಯಗಳಲ್ಲಿಯೇ ಮೊದಲನೆಯದೆನಿಸಿತು. ಸರಕು ಸಾಗಿಸುವ ಟಾಟಾ ಏಸ್ ಗಾಡಿಯ ವಿದ್ಯುತ್ ರೂಪವು 2022ರಲ್ಲಿ ಹೊರಬಂದಿತು. ಸುಮಾರು 21 ಯೂನಿಟ್ ವಿದ್ಯುತ್ತನ್ನು ಹಿಡಿಯುವ ಬ್ಯಾಟರಿ, 600 ಕಿಲೋ ಹೊರೆ ಹೊರುವ ಸಾಮರ್ಥ್ಯ ಇವು ಅದರ ಆರಂಭದ ಲಕ್ಷಣಗಳು. ಪೇಟೆಯಿಂದ ಹಳ್ಳಿಗೆ ದಿನಸಿ, ಹಳ್ಳಿಯಿಂದ ಪೇಟೆಗೆ ತರಕಾರಿ ಸಾಗಿಸುವ ಅಳತೆಯ ಗಾಡಿಯಿದು. ಹೊನ್ನಾಳಿ, ನ್ಯಾಮತಿಗಳ ಸೀಮೆಗೆ ಇಂತಹ ವಾಹನಗಳು ಹೆಚ್ಚು ಹೆಚ್ಚಾಗಿ ಬರುವ ಕಾಲ ದೂರವಿಲ್ಲ.

ವಾಹನದ ಜೊತೆಗೆ ಒಂದು ನಂಬಿಕೆಯೂ ಬರುತ್ತಿದೆ. ಇದರಲ್ಲಿ ಎಂಜಿನ್ನಿಲ್ಲ, ಎಂಜಿನ್ ಆಯಿಲ್ಲಿಲ್ಲ, ಹೊಗೆಯಿಲ್ಲ. ಆದುದರಿಂದ ನೋಡಿಕೊಳ್ಳಬೇಕಾದುದೂ ಏನೂ ಇಲ್ಲ ಎಂಬುದೇ ಆ ನಂಬಿಕೆ. ಇದು ಅರ್ಧ ಸತ್ಯ. ಡೀಸೆಲ್ ಲಾರಿಯ ಎಂಜಿನ್ನು ಉಸಿರಾಡುತ್ತದೆ. ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಧೂಳನ್ನೂ ಎಳೆಯುತ್ತದೆ. ಅದನ್ನು ತಡೆಯಲು ಏರ್ ಫಿಲ್ಟರ್ ಬೇಕು. ಫಿಲ್ಟರನ್ನು ಆಗಾಗ ಬಿಚ್ಚಿ ಶುಚಿಮಾಡಬೇಕು. ವಿದ್ಯುತ್ ಮೋಟಾರಿಗೆ ಆ ಉಸಿರಾಟವಿಲ್ಲವಾದ್ದರಿಂದ ಆ ತೊಂದರೆಯೂ ಇಲ್ಲ. ಇಷ್ಟು ನಿಜ. ಆದರೆ ಧೂಳು ಎಂಜಿನ್ನಿದೆಯೇ ಇಲ್ಲವೇ ಎಂದು ವಿಚಾರಿಸಿ ಬರುವುದಿಲ್ಲ. ಗಾಳಿ ನುಗ್ಗುವಲ್ಲೆಲ್ಲ ಅದೂ ನುಗ್ಗುತ್ತದೆ.

ಇಲ್ಲಿ ವಾಹನದ ಒಡಲಿನ ಪರಿಚಯ ಸ್ವಲ್ಪ ಬೇಕು. ಕಾರುಗಳಲ್ಲಿ ಮುಂಭಾಗದ ಬಾನೆಟ್ಟನ್ನು ಎತ್ತಿದರೆ ಒಡಲು ಕಾಣುತ್ತದೆ. ಮೊಂಡು ಮುಖದ ಸಣ್ಣ ಲಾರಿಗಳಿಗೆ ಅಂತಹ ಉದ್ದನೆಯ ಬಾನೆಟ್ಟಿರುವುದಿಲ್ಲ. ಅವುಗಳ ಅಂಗಾಂಗಗಳು ಚಾಲಕನ ಮುಂದೆ, ಆಸನದ ಕೆಳಗೆ, ಸರಕು ಹೇರುವ ಹಲಗೆಯ ಅಡಿಯಲ್ಲಿ ಹಂಚಿಹೋಗಿರುತ್ತವೆ. ಹೆಚ್ಚು ಒತ್ತಡದ ವಿದ್ಯುತ್ತನ್ನು ಕೂಡಿಡುವ ದೊಡ್ಡ ಬ್ಯಾಟರಿ, ಅದನ್ನು ಮೋಟಾರಿಗೆ ಒಗ್ಗುವಂತೆ ಮಾರ್ಪಡಿಸುವ ಇನ್ವರ್ಟರು, ದೀಪ ಹಾರನ್ನುಗಳಿಗಾಗಿ ಇರುವ ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿ, ಇವುಗಳನ್ನು ಜೋಡಿಸುವ ತಂತಿಗಳು ಮುಖ್ಯವಾದ ಅಂಗಗಳು. ಹಲವು ವಾಹನಗಳಲ್ಲಿ ಇವುಗಳನ್ನು ತಂಪಾಗಿಡಲು ರೇಡಿಯೇಟರೂ ಫ್ಯಾನೂ ಇರುತ್ತವೆ. ವಿದ್ಯುತ್ ಗಾಡಿಗೂ ರೇಡಿಯೇಟರೇ ಎಂದು ಆಶ್ಚರ್ಯಪಡುವವರುಂಟು. ಡೀಸೆಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಅರ್ಧಕ್ಕಿಂತ ಹೆಚ್ಚಿನ ಭಾಗ ಶಾಖವಾಗಿ ಪೋಲಾಗುತ್ತದೆ. ವಿದ್ಯುತ್ ಮೋಟಾರಾದರೋ ತನಗೆ ಬಂದ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಚಲನೆಗೆ ತಿರುಗಿಸಬಲ್ಲದು. ಶಾಖ ಕಡಿಮೆ, ಆದರೆ ಇಲ್ಲವೇ ಇಲ್ಲವೆಂದಲ್ಲ. ಆ ಕಡಿಮೆ ಶಾಖವೂ ಹೊರಗೆ ಹೋಗಲೇಬೇಕು.

ಧೂಳಿನ ಮೊದಲನೆಯ ಕೇಡು ಇರುವುದು ಇಲ್ಲಿಯೇ. ರೇಡಿಯೇಟರಿನ ತೆಳುವಾದ ರೆಕ್ಕೆಗಳ ನಡುವೆ ಧೂಳು, ಹೊಟ್ಟು, ಕೀಟಗಳ ರೆಕ್ಕೆ ತುಂಬಿಕೊಂಡರೆ ಗಾಳಿಯಾಡುವುದಿಲ್ಲ. ಇನ್ವರ್ಟರಿನ ಮೇಲೆ ಕುಳಿತ ಧೂಳು ಕಂಬಳಿಯನ್ನು ಹೊದಿಸಿದಂತೆ ಶಾಖವನ್ನು ಹಿಡಿದಿಡುತ್ತದೆ. ಕಾವು ಮಿತಿ ಮೀರಿದಾಗ ಯಂತ್ರವು ತನ್ನನ್ನು ಕಾಪಾಡಿಕೊಳ್ಳಲು ಶಕ್ತಿಯನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಹೊರೆ ಹೊತ್ತು ದಿಬ್ಬವೇರುವ ಗಾಡಿ ಇದ್ದಕ್ಕಿದ್ದಂತೆ ಬಡವಾದರೆ ಚಾಲಕನು ಬ್ಯಾಟರಿಯನ್ನು ಶಪಿಸುತ್ತಾನೆ, ಕಂಪೆನಿಯನ್ನು ಬೈಯುತ್ತಾನೆ. ಎಷ್ಟೋ ವೇಳೆ ತಪ್ಪು ಒಂದು ಹಿಡಿ ಹೊಟ್ಟಿನದಾಗಿರಬಹುದು.

ಎರಡನೆಯ ಕೇಡು ಮಳೆಗಾಲದ್ದು. ಡೀಸೆಲ್ ಎಂಜಿನ್ನಿನ ಕಾವಿಗೆ ಬಾನೆಟ್ಟಿನ ಕೆಳಗಿನ ತೇವ ಆರಿಹೋಗುತ್ತದೆ. ವಿದ್ಯುತ್ ವಾಹನದ ಒಡಲು ಅಷ್ಟು ಬಿಸಿಯಾಗುವುದಿಲ್ಲ. ಹೀಗಾಗಿ ತೇವ ಅಲ್ಲಿಯೇ ತಂಗುತ್ತದೆ. ಒಣ ಧೂಳು ವಿದ್ಯುತ್ತಿಗೆ ಅಷ್ಟಾಗಿ ದಾರಿ ಕೊಡದು; ನೆನೆದ ಧೂಳು ಕೊಡುತ್ತದೆ. ರಸ್ತೆಯ ಧೂಳಿನಲ್ಲಿ ಲವಣಾಂಶ ಬೆರೆತಿದ್ದರಂತೂ ತಂತಿಯ ಜೋಡಣೆಗಳಲ್ಲಿ ತುಕ್ಕು, ಕಿಲುಬು ಹತ್ತುವುದು ಶೀಘ್ರ. ಸಣ್ಣ ಬ್ಯಾಟರಿಯ ಕೊಂಬುಗಳ ಮೇಲೆ ಬಿಳಿ ಹಸುರು ಬೂಷ್ಟಿನಂತೆ ಕಟ್ಟುವುದನ್ನು ಟ್ರ್ಯಾಕ್ಟರ್ ಇಟ್ಟುಕೊಂಡವರೆಲ್ಲ ಕಂಡಿದ್ದಾರೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಈ ಸಣ್ಣದು ಸೋತರೆ ಗಾಡಿ ಮಿಸುಕಾಡದು.

ಮೂರನೆಯದು ಈ ಸೀಮೆಗೆ ವಿಶೇಷವಾದುದು. ದಾವಣಗೆರೆ ಜಿಲ್ಲೆಯು ಮೆಕ್ಕೆಜೋಳಕ್ಕೆ ಹೆಸರಾದುದು. ನೀರಾವರಿಯ ಭಾಗದಲ್ಲಿ ಭತ್ತ, ಚನ್ನಗಿರಿಯ ಕಡೆ ಅಡಿಕೆ, ಜಗಳೂರಿನ ಕಡೆ ಮಳೆಯನ್ನೇ ನಂಬಿದ ಒಣ ಬೇಸಾಯ. ಸುಗ್ಗಿಯಲ್ಲಿ ಇಲ್ಲಿ ಏಳುವುದು ಬರಿಯ ಮಣ್ಣಿನ ಧೂಳಲ್ಲ. ಹುಲ್ಲಿನ ಎಸಳು, ಜೋಳದ ಹೊಟ್ಟು, ಭತ್ತದ ಸುಂಕು ಎಲ್ಲವೂ ಅದರೊಡನೆ ಬೆರೆತಿರುತ್ತವೆ. ಭತ್ತದ ಹೊಟ್ಟಿನಲ್ಲಿ ಮರಳಿನ ಜಾತಿಯ ಸಿಲಿಕಾ ಹೇರಳವಾಗಿರುವುದರಿಂದ ಅದು ಉಜ್ಜಿದಲ್ಲಿ ಗೀರು ಬೀಳುತ್ತದೆ. ರಸ್ತೆಯ ಮೇಲೆಯೇ ತೆನೆಯನ್ನು ಹರಡಿ ಹೋಗಿಬರುವ ವಾಹನಗಳಿಂದ ಒಕ್ಕಿಸುವ ರೂಢಿ ಬೇರೆ ಇದೆ. ಅದರ ಹುಲ್ಲು ಗಾಡಿಯ ಅಡಿಭಾಗಕ್ಕೆ ಸುತ್ತಿಕೊಳ್ಳುತ್ತದೆ. ಬೆಚ್ಚನೆಯ ಸಂದು, ಮೆತ್ತನೆಯ ಹುಲ್ಲು, ಉದುರಿದ ಕಾಳು ಮೂರೂ ಒಂದೆಡೆ ದೊರೆತ ಮೇಲೆ ಇಲಿಗೆ ಇನ್ನೇನು ಬೇಕು? ಅದು ಗೂಡು ಕಟ್ಟುತ್ತದೆ, ತಂತಿಯ ಹೊದಿಕೆಯನ್ನು ಕಡಿಯುತ್ತದೆ. ಒಣಹುಲ್ಲಿನ ನಡುವೆ ಹೊದಿಕೆ ಹರಿದ ತಂತಿಯಿದ್ದರೆ ಏನಾಗಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ನೋಡದೆ ಬಿಡುವುದು ಒಂದು ತಪ್ಪಾದರೆ, ಅತಿಯಾಗಿ ತೊಳೆಯುವುದು ಅದಕ್ಕಿಂತ ದೊಡ್ಡ ತಪ್ಪು. ವರ್ಷವೆಲ್ಲ ತಿರುಗಿಯೂ ನೋಡದ ಗಾಡಿಯನ್ನು ಆಯುಧಪೂಜೆಯ ಮುನ್ನಾದಿನ ವಾಟರ್ ಸರ್ವಿಸಿಗೆ ಒಯ್ದು ನಿಲ್ಲಿಸುವುದು, ಹುಡುಗನೊಬ್ಬ ಪಂಪಿನ ಕೊಳವೆ ಹಿಡಿದು ಮೇಲೆ ಕೆಳಗೆ ಒಳಗೆ ಹೊರಗೆ ಒಂದೇ ಸಮನೆ ನೀರು ಬಾರಿಸುವುದು, ಮರುದಿನ ಬಾಳೆಕಂಬ ಕಟ್ಟಿ, ಅರಿಸಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆಯುವುದು ಎಲ್ಲೆಡೆ ಕಾಣುವ ದೃಶ್ಯ. ಪೂಜೆಯನ್ನು ಆಕ್ಷೇಪಿಸುವ ಕಾರಣವಿಲ್ಲ. ದುಡಿಯುವ ಸಾಧನಕ್ಕೆ ಕೃತಜ್ಞತೆ ತೋರುವ ಸಂಸ್ಕಾರ ಅದು. ಆದರೆ ವಿದ್ಯುತ್ ವಾಹನದ ಒಡಲಿಗೆ ಆ ನೀರಿನ ಬಾಣ ಹಿತವಲ್ಲ.

‘ನಮ್ಮ ಗಾಡಿ ಐಪಿ 67, ನೀರಿಗೂ ಜಗ್ಗದು’ ಎಂದು ಹೇಳುವವರುಂಟು. ಆ ಸಂಖ್ಯೆಯ ಅರ್ಥವನ್ನು ತಿಳಿದರೆ ಭ್ರಮೆ ಹರಿಯುತ್ತದೆ. ಅದು ಅರವತ್ತೇಳಲ್ಲ, ಆರು ಮತ್ತು ಏಳು. ಮೊದಲನೆಯ ಆರು, ಧೂಳು ಒಳಹೋಗದಂತೆ ಪೂರ್ಣವಾಗಿ ಮುಚ್ಚಿದೆಯೆಂಬುದರ ಗುರುತು. ಎರಡನೆಯ ಏಳು, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡುವಷ್ಟು ನೀರು ಒಳಗೆ ಸೇರದೆಂಬುದರ ಗುರುತು. ನಿಂತ ನೀರನ್ನು ತಡೆಯುವುದು ಬೇರೆ, ರಭಸದಿಂದ ಬಡಿಯುವ ನೀರನ್ನು ತಡೆಯುವುದು ಬೇರೆ. ಎರಡನೆಯದಕ್ಕೆ ಪ್ರತ್ಯೇಕ ಪರೀಕ್ಷೆಗಳೂ ಪ್ರತ್ಯೇಕ ಅಂಕಗಳೂ ಇವೆ. ಒಂದರಲ್ಲಿ ತೇರ್ಗಡೆಯಾದುದು ಇನ್ನೊಂದರಲ್ಲಿಯೂ ತೇರ್ಗಡೆಯಾದಂತಲ್ಲ. ಅದೂ ಅಲ್ಲದೆ ಆ ಗುರುತು ಸಾಮಾನ್ಯವಾಗಿ ಬ್ಯಾಟರಿ, ಮೋಟಾರುಗಳಂತಹ ಬಿಡಿ ಅಂಗಕ್ಕೆ ಸಲ್ಲುವುದೇ ಹೊರತು ಇಡೀ ವಾಹನಕ್ಕಲ್ಲ. ಅದರ ರಬ್ಬರು ಹೊಸದಾಗಿ, ಬಿರುಕಿಲ್ಲದೆ ಇರುವವರೆಗೆ ಮಾತ್ರ ಅದನ್ನು ನಂಬಬಹುದು. ಬಿಸಿಲಿಗೆ ಒಣಗಿದ ರಬ್ಬರಿನ ಸಂದಿನಲ್ಲಿ ರಭಸದ ನೀರು ಧೂಳನ್ನು ಕೆಸರು ಮಾಡಿ ಇನ್ನೂ ಆಳಕ್ಕೆ ತಳ್ಳುತ್ತದೆ. ಹೊರಗಿದ್ದ ಕಳ್ಳನನ್ನು ಕೈಹಿಡಿದು ಒಳಮನೆಗೆ ಕರೆತಂದಂತೆ ಆಗುತ್ತದೆ.

ಹಾಗಾದರೆ ಸರಿಯಾದ ಕ್ರಮ ಯಾವುದು? ಅದು ಕಷ್ಟದ್ದೂ ಅಲ್ಲ, ಖರ್ಚಿನದೂ ಅಲ್ಲ. ಗಾಡಿಯನ್ನು ನೆರಳಿನಲ್ಲಿ, ಸಮನೆಲದಲ್ಲಿ ನಿಲ್ಲಿಸಬೇಕು. ಬೀಗದ ಕೈಯನ್ನು ತೆಗೆದು, ಚಾರ್ಜಿಗೆ ಹಾಕಿದ್ದರೆ ಅದನ್ನು ಬಿಡಿಸಿ, ಒಡಲು ತಣಿಯುವವರೆಗೆ ಕಾಯಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಯಂತ್ರಕ್ಕೆ ಒಗ್ಗದ ಧೂಳು ಶ್ವಾಸಕೋಶಕ್ಕೂ ಒಗ್ಗದು. ಮೊದಲು ಕಣ್ಣಿನ ಕೆಲಸ, ಆಮೇಲೆ ಕೈಯ ಕೆಲಸ. ಹುಲ್ಲು, ಎಲೆ, ಇಲಿಯ ಗೂಡು ಇದೆಯೇ, ತಂತಿಯ ಹೊದಿಕೆ ಹರಿದಿದೆಯೇ ಎಂದು ನೋಡಬೇಕು. ಹರಿದುದು ಕಂಡರೆ ಅಲ್ಲಿಗೇ ನಿಲ್ಲಿಸಿ, ಬಲ್ಲ ಮೆಕ್ಯಾನಿಕ್ಕನ್ನು ಕರೆಯಬೇಕು. ಎಲ್ಲವೂ ಸರಿಯಿದ್ದರೆ ಮೃದುವಾದ ಒಣ ಬ್ರಷ್ಷಿನಿಂದ ಮುಚ್ಚಳ, ಹಲಗೆ, ಮೂಲೆಗಳ ಧೂಳನ್ನು ಮೇಲಿನಿಂದ ಕೆಳಕ್ಕೆ ಗುಡಿಸಬೇಕು. ರೇಡಿಯೇಟರಿಗೆ ಗಾಳಿ ಊದುವುದಾದರೆ ಒತ್ತಡ ಕಡಿಮೆಯಿರಬೇಕು. ಧೂಳು ಬಂದ ದಾರಿಯಲ್ಲಿಯೇ ಹೊರಹೋಗುವಂತೆ ಒಳಗಿನಿಂದ ಹೊರಕ್ಕೆ ಊದಬೇಕು. ಅದರ ರೆಕ್ಕೆಗಳು ಕಾಗದದಷ್ಟು ತೆಳು. ಕಡ್ಡಿ ಕಬ್ಬಿಣಗಳಿಂದ ಕೆದಕಬಾರದು. ಮುಚ್ಚಳಗಳ ಹೊರಮೈಯನ್ನು ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಸೀಮೆಎಣ್ಣೆ, ಪೆಟ್ರೋಲು, ಡೀಸೆಲುಗಳನ್ನು ಹತ್ತಿರವೂ ತರಬಾರದು. ಹೊಳೆಯಲೆಂದು ಎಣ್ಣೆ ಸವರಿದರೆ ಮರುದಿನದ ಧೂಳಿಗೆ ಅಂಟು ಹಾಕಿ ಕೊಟ್ಟಂತಾಯಿತು. ಚಾರ್ಜ್ ಮಾಡುವ ಬಾಯಿಗೆ ಮುಚ್ಚಳ ಸರಿಯಾಗಿ ಕೂರುತ್ತದೆಯೇ ಎಂದು ದಿನವೂ ನೋಡಬೇಕು. ಈ ವಾಹನಗಳು ಮೋಟಾರಿನ ಸಹಾಯದಿಂದಲೇ ವೇಗ ತಗ್ಗಿಸಿಕೊಳ್ಳುವುದರಿಂದ ಬ್ರೇಕುಗಳಿಗೆ ಕೆಲಸ ಕಡಿಮೆ. ಕೆಲಸವಿಲ್ಲದ ಬ್ರೇಕಿನಲ್ಲಿ ಧೂಳು ತುಕ್ಕುಗಳು ಮನೆಮಾಡುತ್ತವೆ. ಅದನ್ನೂ ಕಾಲಕಾಲಕ್ಕೆ ಗ್ಯಾರೇಜಿನಲ್ಲಿ ತೋರಿಸಬೇಕು. ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಕಂಪೆನಿಯ ಕೈಪಿಡಿಯೇ ಪ್ರಮಾಣ. ಆದರೆ ಸುಗ್ಗಿಯ ತಿಂಗಳುಗಳಲ್ಲಿ ವಾರಕ್ಕೊಮ್ಮೆಯಾದರೂ ಇಣುಕಿ ನೋಡುವುದು ವಿವೇಕ.

ಇಷ್ಟನ್ನು ಹೇಳಿದ ಮೇಲೆ ಮುಟ್ಟಬಾರದುದನ್ನೂ ಹೇಳಲೇಬೇಕು. ಇಂತಹ ವಾಹನಗಳಲ್ಲಿ ಕಿತ್ತಳೆ ಬಣ್ಣದ ಹೊದಿಕೆಯಿರುವ ದಪ್ಪ ತಂತಿಗಳು ಕಾಣುತ್ತವೆ. ಅವು ಅಧಿಕ ಒತ್ತಡದ ವಿದ್ಯುತ್ತನ್ನು ಒಯ್ಯುವ ತಂತಿಗಳು. ಏಕಮುಖ ವಿದ್ಯುತ್ತಿನಲ್ಲಿ 60 ವೋಲ್ಟಿಗಿಂತ ಮೇಲಿನದನ್ನು ವಾಹನಶಾಸ್ತ್ರವು ಅಪಾಯದ ವರ್ಗದಲ್ಲಿ ಇಟ್ಟಿದೆ. ಬೀಗದ ಕೈ ತಿರುಗಿಸಿ ಆರಿಸಿದ ಮಾತ್ರಕ್ಕೆ ಒಳಗಿನ ವಿದ್ಯುತ್ತೆಲ್ಲ ತಟ್ಟನೆ ಬರಿದಾಗುವುದಿಲ್ಲ. ಇನ್ವರ್ಟರಿನೊಳಗೆ ಕೆಲವು ನಿಮಿಷ ಉಳಿದಿರಬಲ್ಲದು. ಆದುದರಿಂದ ಕಿತ್ತಳೆ ತಂತಿಯನ್ನು ಎಳೆಯುವುದು, ಅದರ ಜೋಡಣೆಯನ್ನು ಬಿಚ್ಚುವುದು, ಬ್ಯಾಟರಿಯ ಪೆಟ್ಟಿಗೆಯನ್ನು ತೆರೆಯುವುದು ತರಬೇತಿ ಪಡೆದವರ ಕೆಲಸವೇ ಹೊರತು ಮನೆಯವರದಲ್ಲ. ಒರೆಸುವವನ ಕೈ ಮುಚ್ಚಳದ ಹೊರಗೇ ನಿಲ್ಲತಕ್ಕದ್ದು.

ಇಲ್ಲೊಂದು ಆಕ್ಷೇಪಣೆ ಏಳಬಹುದು. ಇಷ್ಟು ಅಪಾಯವಿರುವಲ್ಲಿ ಸಾಮಾನ್ಯರು ಕೈಹಾಕದಿರುವುದೇ ಮೇಲಲ್ಲವೆ? ಎಲ್ಲವನ್ನೂ ಕಂಪೆನಿಯವರಿಗೆ ಬಿಟ್ಟರಾಯಿತಲ್ಲವೆ? ಈ ಮಾತಿನಲ್ಲಿ ತಥ್ಯವಿದೆ. ಆದರೆ ಪೂರ್ಣ ತಥ್ಯವಿಲ್ಲ. ಅಧಿಕೃತ ಗ್ಯಾರೇಜು ಇರುವುದು ಪಟ್ಟಣದಲ್ಲಿ. ಧೂಳು ಬೀಳುವುದು ಹಳ್ಳಿಯಲ್ಲಿ. ದಿನ ಬಿಟ್ಟು ದಿನ ಬೀಳುವ ಧೂಳನ್ನು ವರ್ಷಕ್ಕೆರಡು ಸಲ ಬರುವ ಮೆಕ್ಯಾನಿಕ್ಕು ತೆಗೆಯಲಾರ. ಏನನ್ನೂ ತಿಳಿಯದವನು ಮುಟ್ಟದೆಯೇ ಇರುತ್ತಾನೆಂಬ ಭರವಸೆಯಾದರೂ ಏನು? ತಿಳಿಯದವನೇ ನೀರಿನ ಕೊಳವೆಯನ್ನು ಹಿಡಿಯುವುದು. ತಿಳಿಯದವನೇ ಕಿತ್ತಳೆ ತಂತಿಯನ್ನು ಎಳೆದು ನೋಡುವುದು. ಎಲ್ಲಿಯವರೆಗೆ ಕೈಯಿಡಬಹುದು, ಎಲ್ಲಿ ಹಿಂದೆಗೆಯಬೇಕು ಎಂಬ ಎಲ್ಲೆಯನ್ನು ಅರಿಯುವುದೇ ಇಲ್ಲಿಯ ವಿದ್ಯೆ.

ಈ ಸೀಮೆಯ ಹಿರಿಯರಲ್ಲಿ ಆ ವಿದ್ಯೆಯಿತ್ತು. ಎತ್ತಿನ ಗಾಡಿಯ ಒಡೆಯನು ಸಂಜೆ ನೊಗವಿಳಿಸಿದ ಮೇಲೆ ತಾನು ಉಣ್ಣುವ ಮುನ್ನ ಎತ್ತಿನ ಮೈಯನ್ನು ಹಿಡಿ ಹುಲ್ಲಿನಿಂದ ತಿಕ್ಕುತ್ತಿದ್ದನು. ಗೊರಸಿನ ಸಂದಿಯ ಕಲ್ಲನ್ನು ತೆಗೆಯುತ್ತಿದ್ದನು. ಗಾಲಿಗೆ ಕೀಲೆಣ್ಣೆ ಹಾಕುತ್ತಿದ್ದನು. ಕಾರಹುಣ್ಣಿಮೆಯ ದಿನ ಕೊಂಬಿಗೆ ಬಣ್ಣ ಬಳಿದುದು ನಿಜ. ಆದರೆ ವರ್ಷದ ಉಳಿದ ದಿನಗಳಲ್ಲಿ ನೋಡದೆ ಬಿಟ್ಟು ಅಂದು ಮಾತ್ರ ಬಣ್ಣ ಬಳಿದವನನ್ನು ಊರು ಒಕ್ಕಲಿಗನೆಂದು ಕರೆಯುತ್ತಿರಲಿಲ್ಲ. ಅದನ್ನು ಅವನಿಗೆ ಯಾವ ಕೈಪಿಡಿಯೂ ಕಲಿಸಿರಲಿಲ್ಲ. ತಂದೆಯ ಪಕ್ಕದಲ್ಲಿ ನಿಂತು ನೋಡಿ ಕಲಿತಿದ್ದನು. ವಿದ್ಯುತ್ ಲಾರಿಯ ಒಡೆಯನಿಗೆ ಪಕ್ಕದಲ್ಲಿ ನಿಂತು ಕಲಿಸುವ ತಂದೆಯಿಲ್ಲ. ತಂದೆಗೂ ಅದು ಹೊಸದು. ಆ ಸ್ಥಾನವನ್ನು ತುಂಬಬೇಕಾದುದು ಶಾಲೆ.

ವಿದ್ಯಾಸಂಸ್ಥೆಗಳು ಇದನ್ನು ಹೊಸ ಪಠ್ಯವೆಂದು ಭಾರಮಾಡಿಕೊಳ್ಳಬೇಕಾಗಿಲ್ಲ. ಶಾಖದ ಪಾಠವನ್ನು ಹೇಳುವ ವಿಜ್ಞಾನ ಶಿಕ್ಷಕರು ಧೂಳು ಹಿಡಿದ ರೇಡಿಯೇಟರಿನ ಉದಾಹರಣೆಯನ್ನು ಕೊಡಬಹುದು. ವಿದ್ಯುತ್ತಿನ ಪಾಠದ ದಿನ ಕಿತ್ತಳೆ ತಂತಿಯ ಅರ್ಥವನ್ನು ತಿಳಿಸಬಹುದು. ತಿಂಗಳಿಗೊಮ್ಮೆ, ಬಲ್ಲವರೊಬ್ಬರ ಸಮಕ್ಷಮದಲ್ಲಿ ಶಾಲೆಯ ವಾಹನದ ಮುಚ್ಚಳವನ್ನು ತೆರೆಸಿ, ದೂರದಲ್ಲಿ ನಿಲ್ಲಿಸಿ ಮಕ್ಕಳಿಗೆ ತೋರಿಸಬಹುದು. ಮಕ್ಕಳು ಒಳಗೆ ಕೈಹಾಕುವುದು ಬೇಡ, ನೋಡಿದರೆ ಸಾಕು. ಒಳಗೇನಿದೆಯೆಂದು ಕಂಡ ಮಗು ನಾಳೆ ಅದರ ಮೇಲೆ ನೀರಿನ ಕೊಳವೆಯನ್ನು ತಿರುಗಿಸದು. ಧೂಳು ಒರೆಸುವುದು ಕೀಳು ಕೆಲಸ, ಯಂತ್ರವನ್ನು ನಡೆಸುವುದು ಮೇಲು ಕೆಲಸ ಎಂಬ ಭೇದವನ್ನು ಕಾಯಕವೆಂಬ ಮಾತನ್ನು ಬಲ್ಲ ನಾಡಿನಲ್ಲಿ ಯಾರೂ ಎತ್ತಲಾರರು.

ಇನ್ನು ದಾನಿಗಳಲ್ಲಿ ಒಂದು ಬಿನ್ನಹ. ಶಾಲೆಗೋ ದಾಸೋಹಕ್ಕೋ ಒಂದು ವಾಹನವನ್ನು ಕೊಡುವುದು ದೊಡ್ಡ ಮನಸ್ಸಿನ ಕೆಲಸ. ಹಾರ ಹಾಕಿದ ಗಾಡಿಯ ಮುಂದೆ ಬೀಗದ ಕೈಯನ್ನು ಒಪ್ಪಿಸುವ ಭಾವಚಿತ್ರ ಮುಂದಿನ ಸಂಚಿಕೆಯಲ್ಲಿ ಅಚ್ಚಾಗುವುದೂ ಯೋಗ್ಯವೇ. ಆದರೆ ಆ ಗಾಡಿ ಐದು ವರ್ಷಗಳ ಮೇಲೆ ಹೇಗಿದೆಯೆಂಬ ಭಾವಚಿತ್ರವನ್ನು ಯಾರೂ ತೆಗೆಸುವುದಿಲ್ಲ. ಕೊಳ್ಳುವ ಹಣಕ್ಕೆ ದಾನಿಗಳುಂಟು, ಕಾಯುವ ಹಣಕ್ಕೆ ದಾನಿಗಳಿಲ್ಲ ಎಂಬ ಮಾತನ್ನು ಸಂಸ್ಥೆಗಳನ್ನು ನಡೆಸುವವರೆಲ್ಲ ಬಲ್ಲರು. ಬಹುಮಾನಕ್ಕೆ ದತ್ತಿಯಿದೆ, ಉಪನ್ಯಾಸಕ್ಕೆ ದತ್ತಿಯಿದೆ. ವಾಹನವನ್ನು ಕೊಡುವವರು ಅದರ ಬೆಲೆಯ ಒಂದು ಸಣ್ಣ ಅಂಶವನ್ನು ನಿರ್ವಹಣೆಯ ದತ್ತಿಯೆಂದು ಜೊತೆಗಿಟ್ಟರೆ, ಚಾಲಕನಿಗೆ ಒಂದೆರಡು ದಿನದ ತರಬೇತಿಯನ್ನೂ ಕೊಡಿಸಿದರೆ, ಕೊಟ್ಟ ದಾನ ಬಾಳುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಗ್ಯಾರೇಜು ನಡೆಸುವವರಿದ್ದಾರೆ, ಎಂಜಿನಿಯರುಗಳಿದ್ದಾರೆ. ವರ್ಷಕ್ಕೊಂದು ದಿನ ಬಂದು ಶಾಲೆಯ ಗಾಡಿಯನ್ನು ತಪಾಸಣೆ ಮಾಡಿಕೊಟ್ಟರೆ ಅದೂ ಕಾಣಿಕೆಯೇ. ಹಣ ಕೊಡಲಾರದವನು ಕೊಡಬಹುದಾದ, ಹಣವಂತನು ಕೊಳ್ಳಲಾರದ ಕಾಣಿಕೆ ಅದು.

ಹೊಗೆಯಿಲ್ಲದ ವಾಹನ ಬರಲಿ, ಅದು ಬರಬೇಕಾದುದೇ. ಹೊಲದ ಗಾಳಿ, ಮಕ್ಕಳ ಉಸಿರು ಅದರಿಂದ ಶುದ್ಧವಾದಾವು. ಆದರೆ ಹೊಗೆ ಹೋದರೂ ಧೂಳು ಹೋಗುವುದಿಲ್ಲ. ತುಂಗಭದ್ರೆಯ ತೀರದಲ್ಲಿ ಉಳುವ ನೆಲವೂ ಒಕ್ಕುವ ಕಣವೂ ಇರುವವರೆಗೆ ಅದು ಇದ್ದೇ ಇರುತ್ತದೆ. ಅದನ್ನು ಶಪಿಸಿ ಫಲವಿಲ್ಲ. ಒಂದು ಮೃದುವಾದ ಬ್ರಷ್ಷು, ಎರಡು ಬಟ್ಟೆ, ವಾರದಲ್ಲಿ ಅರ್ಧ ಗಂಟೆ, ಎಲ್ಲಿ ನಿಲ್ಲಬೇಕೆಂಬ ಅರಿವು ಇಷ್ಟಿದ್ದರೆ ಸಾಕು. ಗಾಡಿ ದಿಬ್ಬವೇರುತ್ತದೆ, ಚಾಲಕನ ಕಂತು ತೀರುತ್ತದೆ, ದಾನಿಯ ಹೆಸರು ಬಾಗಿಲ ಮೇಲೆ ಅಳಿಯದೆ ಉಳಿಯುತ್ತದೆ.